ದೂರಾಜ್ಞೆ ಮತ್ತು ಮಾಪನಾಂಕ ನಿರ್ಣಯ: ಜಾಲ ವಿಶ್ಲೇಷಕದ ಚರಿತ್ರೆಯ ಒಂದು ಅಧ್ಯಾಯ

ಜಾಲ ವಿಶ್ಲೇಷಕ ಎಂಬ ಹೆಸರು ವಿದ್ಯುದ್ವಿಜ್ಞಾನದಲ್ಲಿ ಎರಡು ಬೇರೆ ಬೇರೆ ಯಂತ್ರಗಳಿಗೆ ಸಂದಿದೆ. 1929ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ರೂಪುಗೊಂಡ ವಿಶ್ಲೇಷಕವು ವಿದ್ಯುತ್ ಸರಬರಾಜಿನ ವಿಶಾಲ ಜಾಲವನ್ನು ಒಂದು ಕೋಣೆಯಲ್ಲಿ ಕಿರಿದಾಗಿ ಕಟ್ಟಿ ತೋರಿಸುವ ಪ್ರತಿಕೃತಿಯಾಗಿತ್ತು. ಪ್ರಸ್ತುತ ಲೇಖನದ ವಿಷಯ ಅದಲ್ಲ. ಸೂಕ್ಷ್ಮತರಂಗಗಳ ಕ್ಷೇತ್ರದಲ್ಲಿ ಒಂದು ಉಪಕರಣಕ್ಕೆ ಅಲೆಯನ್ನು ಕಳುಹಿಸಿ, ಅದರಲ್ಲಿ ಎಷ್ಟು ಭಾಗ ಹಿಂದಕ್ಕೆ ಪ್ರತಿಫಲಿಸಿತು, ಎಷ್ಟು ಭಾಗ ಹಾಯ್ದು ಮುಂದೆ ಹೋಯಿತು ಎಂಬುದನ್ನು ಪರಿಮಾಣ ಮತ್ತು ಪ್ರಾವಸ್ಥೆ ಎರಡರಲ್ಲಿಯೂ ಅಳೆಯುವ ಯಂತ್ರವನ್ನು ಕುರಿತು ನಾವು ಇಲ್ಲಿ ವಿಚಾರ ಮಾಡುತ್ತಿದ್ದೇವೆ.

ಈ ಯಂತ್ರದ ಮಾಪನಾಂಕ ನಿರ್ಣಯವನ್ನು, ಎಂದರೆ ಕ್ಯಾಲಿಬ್ರೇಷನ್ನನ್ನು, ಗಣಕದ ಮೂಲಕ ಆಜ್ಞೆಗಳನ್ನು ಕಳುಹಿಸಿ ನಡೆಸುವ ಪದ್ಧತಿಯನ್ನು ಇಂದಿನ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಕಲಿಯುತ್ತಾರೆ. ಮೊದಲು ಕೈಯಿಂದ ಮಾಡುತ್ತಿದ್ದ ಕೆಲಸವನ್ನು ಅನುಕೂಲಕ್ಕಾಗಿ ತರುವಾಯ ಗಣಕಕ್ಕೆ ಒಪ್ಪಿಸಲಾಯಿತು ಎಂಬ ಭಾವನೆ ಅವರಲ್ಲಿ ಸಾಮಾನ್ಯವಾಗಿದೆ. ಚರಿತ್ರೆಯನ್ನು ನೋಡಿದರೆ ಸಂಗತಿ ತಿರುವುಮುರುವಾಗಿದೆ. ಯಂತ್ರದ ದೋಷಗಳನ್ನು ಲೆಕ್ಕ ಹಾಕಿ ಕಳೆಯುವ ಪೂರ್ಣ ವಿಧಾನವು ಗಣಕದ ಆಜ್ಞೆಯಲ್ಲಿಯೇ ಪ್ರಯೋಗಶಾಲೆಯ ವಾಡಿಕೆಯಾಯಿತು. ಯಂತ್ರದ ಮುಂಫಲಕದ ಗುಂಡಿಗಳಿಗೆ ಅದು ಬಂದುದು ಹದಿನೈದು ವರ್ಷಗಳಷ್ಟು ತಡವಾಗಿ. ಈ ಕ್ರಮವನ್ನು ಮರೆತುದರಿಂದ ಕೆಲವು ತಪ್ಪು ಗ್ರಹಿಕೆಗಳು ಹುಟ್ಟಿವೆ. ಅವು ಅಳತೆಯ ಸತ್ಯಾಸತ್ಯತೆಯನ್ನೇ ಮುಟ್ಟುವಂಥವು.

ಮೊದಲು ಸಮಸ್ಯೆಯ ಸ್ವರೂಪವನ್ನು ನೋಡೋಣ. ಪ್ರತಿಫಲಿತ ಅಲೆಯನ್ನು ಮೂಲ ಅಲೆಯಿಂದ ಬೇರ್ಪಡಿಸುವ ಸಾಧನ ಡೈರೆಕ್ಷನಲ್ ಕಪ್ಲರ್. ಇದು ಪರಿಪೂರ್ಣವಾದುದಲ್ಲ, ಮೂಲ ಅಲೆಯ ಒಂದು ಸ್ವಲ್ಪ ಭಾಗ ಪ್ರತಿಫಲನದ ದಾರಿಗೆ ಸೋರುತ್ತದೆ. ಸೋರಿಕೆ 30 ಡೆಸಿಬೆಲ್ ಕೆಳಗಿದೆ ಎಂದಿಟ್ಟುಕೊಂಡರೆ, ಪರಿಮಾಣದಲ್ಲಿ ಅದು ಸುಮಾರು 0.032. ಈಗ 0.05ರಷ್ಟು ಪ್ರತಿಫಲಿಸುವ ಒಂದು ಒಳ್ಳೆಯ ಆಂಟೆನಾವನ್ನು ಅಳೆಯಹೊರಟರೆ, ಸೋರಿದ ಅಲೆ ನಿಜವಾದ ಅಲೆಯೊಡನೆ ಕೂಡಿಯೋ ಕಳೆದೋ 0.018ರಿಂದ 0.082ರವರೆಗೆ ಯಾವ ಬೆಲೆಯನ್ನಾದರೂ ಕೊಡಬಹುದು. ವಸ್ತು ಉತ್ತಮವಾದಷ್ಟೂ ಅಳತೆ ಕೆಡುತ್ತದೆ! ಇದಲ್ಲದೆ, ಹಿಂದಿರುಗಿದ ಅಲೆ ಯಂತ್ರದ ಬಾಯಿಯಲ್ಲಿ ಮತ್ತೊಮ್ಮೆ ಪ್ರತಿಫಲಿಸುವುದು ಎರಡನೆಯ ದೋಷ. ದಾರಿಯ ನಷ್ಟ ಆವರ್ತಾಂಕದೊಡನೆ ವ್ಯತ್ಯಾಸವಾಗುವುದು ಮೂರನೆಯದು.

ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯ 8410ಎ ವಿಶ್ಲೇಷಕವನ್ನು ಆ ಸಂಸ್ಥೆಯ ಪತ್ರಿಕೆ 1967ರ ಫೆಬ್ರವರಿಯಲ್ಲಿ ವರ್ಣಿಸಿತು. 0.1ರಿಂದ 12.4 ಗಿಗಾಹರ್ಟ್ಸ್‌ವರೆಗೆ ಪರಿಮಾಣ, ಪ್ರಾವಸ್ಥೆಗಳೆರಡನ್ನೂ ಗುಡಿಸಿದಂತೆ ಒಂದೇ ಓಟದಲ್ಲಿ ತೋರಿಸುತ್ತಿದ್ದ ಆ ಯಂತ್ರವು, ಸೀಳುಳ್ಳ ಕೊಳವೆಯಲ್ಲಿ ಶೋಧಕವನ್ನು ಕೈಯಿಂದ ಜರುಗಿಸಿ ಒಂದೊಂದೇ ಬಿಂದುವನ್ನು ಗುರುತಿಸುತ್ತಿದ್ದವರಿಗೆ ದೊಡ್ಡ ಬಿಡುಗಡೆಯಾಗಿ ಕಂಡಿರಬೇಕು. ಆದರೆ ಮೇಲೆ ಹೇಳಿದ ಮೂರು ದೋಷಗಳು ಹಾಗೆಯೇ ಉಳಿದುವು. ಅವುಗಳನ್ನು ಕಳೆಯುವ ಗಣಿತ ಕಷ್ಟದ್ದೇನಲ್ಲ. ಅಜ್ಞಾತಗಳು ಮೂರು, ಆದುದರಿಂದ ಬೆಲೆ ಮೊದಲೇ ತಿಳಿದಿರುವ ಮೂರು ಮಾನಕಗಳನ್ನು, ಸಾಮಾನ್ಯವಾಗಿ ಓಪನ್, ಷಾರ್ಟ್ ಮತ್ತು ಲೋಡ್ ಎಂಬ ಮೂರು ಕೊನೆಮುಚ್ಚಳಗಳನ್ನು, ಒಂದಾದ ಮೇಲೊಂದು ಜೋಡಿಸಿ ಅಳೆದರೆ ಮೂರು ಸಮೀಕರಣಗಳು ದೊರೆಯುತ್ತವೆ. ಕಷ್ಟವಿರುವುದು ಲೆಕ್ಕದ ಪ್ರಮಾಣದಲ್ಲಿ. ಸಮೀಕರಣಗಳು ಸಂಕೀರ್ಣ ಸಂಖ್ಯೆಗಳವು. ಪ್ರತಿಯೊಂದು ಆವರ್ತಾಂಕಕ್ಕೂ ಅವನ್ನು ಬೇರೆಯಾಗಿ ಬಿಡಿಸಬೇಕು. ನೂರಾರು ಆವರ್ತಾಂಕಗಳಿಗೆ ಸ್ಲೈಡ್ ರೂಲ್ ಹಿಡಿದು ಇದನ್ನು ಮಾಡುವವರು ಯಾರು?

ಉತ್ತರ ಗಣಕದಿಂದ ಬಂದಿತು. 1966ರಲ್ಲಿ ಅದೇ ಸಂಸ್ಥೆ 2116 ಎಂಬ 16 ಬಿಟ್ಟುಗಳ ಗಣಕವನ್ನು, ಮುಖ್ಯವಾಗಿ ಅಳತೆಯ ಉಪಕರಣಗಳ ಜೊತೆಗೆ ಕೆಲಸ ಮಾಡಲೆಂದು, ಹೊರತಂದಿತ್ತು. ಈ ಗಣಕವನ್ನೂ ವಿಶ್ಲೇಷಕವನ್ನೂ ಕೂಡಿಸಿದ ಸ್ವಯಂಚಾಲಿತ ವ್ಯವಸ್ಥೆಯನ್ನು ಕುರಿತು ರಿಚರ್ಡ್ ಹ್ಯಾಕ್‌ಬಾರ್ನ್ 1968ರ ಮೇ ತಿಂಗಳಿನಲ್ಲಿ ಒಂದು ಲೇಖನ ಪ್ರಕಟಿಸಿದರು. 1970ರ ಫೆಬ್ರವರಿಯಲ್ಲಿ ಡಗ್ಲಸ್ ರಿಟಿಂಗ್ ಮತ್ತು ಸ್ಟೀವನ್ ಸ್ಯಾಂಡರ್ಸ್ ಅದರ ವಿವರವಾದ ನಿರೂಪಣೆ ಕೊಟ್ಟರು. ಆವರ್ತಾಂಕವನ್ನು ನಿಲ್ಲಿಸುವುದು, ಓದುವುದು, ನೆನಪಿನಲ್ಲಿಡುವುದು, ಸಮೀಕರಣ ಬಿಡಿಸುವುದು, ಇವೆಲ್ಲವೂ ಗಣಕದ ಪಾಲಿಗೆ ಬಂದುವು. ಮನುಷ್ಯನಿಗೆ ಉಳಿದ ಕೆಲಸ ಮಾನಕವನ್ನು ತಿರುಚಿ ಜೋಡಿಸುವುದು, ಜೋಡಿಸಿಯಾಯಿತೆಂದು ತಿಳಿಸುವುದು. ಯಾರು ಯಾರಿಗೆ ದೂರದಿಂದ ಆಜ್ಞೆ ಕೊಡುತ್ತಿದ್ದರು ಎಂದು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ.

ಈ ಹಂಚಿಕೆಯ ಸೊಗಸು ಚೆನ್ನಾಗಿ ಕಾಣುವುದು ಜಾರುವ ಲೋಡಿನ ಪ್ರಸಂಗದಲ್ಲಿ. ಅಲೆಯನ್ನು ಪೂರ್ತಿಯಾಗಿ ನುಂಗಿಬಿಡುವ ಲೋಡು ಉನ್ನತ ಆವರ್ತಾಂಕಗಳಲ್ಲಿ ಸಿಕ್ಕುವಂಥದಲ್ಲ. ಅದಕ್ಕಾಗಿ ನಿಖರವಾಗಿ ಕಡೆದ ಕೊಳವೆಯೊಳಗೆ ಸಾಮಾನ್ಯವಾದ ಒಂದು ಲೋಡನ್ನು ಹಿಂದೆಮುಂದೆ ಜಾರಿಸುತ್ತಾರೆ. ಅದರ ಅಲ್ಪ ಪ್ರತಿಫಲನದ ಪ್ರಾವಸ್ಥೆ ಮಾತ್ರ ತಿರುಗುತ್ತ ಒಂದು ವೃತ್ತವನ್ನು ಬರೆಯುತ್ತದೆ. ಆ ವೃತ್ತದ ಕೇಂದ್ರವೇ ನಮಗೆ ಬೇಕಾದ ಸೋರಿಕೆಯ ಬೆಲೆ. ಕೆಟ್ಟ ಲೋಡಿನಿಂದ ಒಳ್ಳೆಯ ಲೋಡಿನ ಉತ್ತರವನ್ನು ಹೊರಡಿಸುವ ಈ ಉಪಾಯದಲ್ಲಿ ಕೈ ಜಾರಿಸುತ್ತದೆ, ಗಣಕ ಕೇಂದ್ರವನ್ನು ಹುಡುಕುತ್ತದೆ. ಎರಡರಲ್ಲಿ ಒಂದು ಇಲ್ಲದಿದ್ದರೂ ವಿಧಾನ ನಡೆಯದು.

ಎರಡು ಬಾಯಿಗಳುಳ್ಳ ಉಪಕರಣಗಳಿಗೆ ದೋಷಗಳ ಸಂಖ್ಯೆ ಹನ್ನೆರಡಕ್ಕೆ ಏರಿತೆಂಬುದನ್ನೂ, 1979ರಲ್ಲಿ ಎಂಗೆನ್ ಮತ್ತು ಹೋಯರ್ ಎಂಬವರು ನೇರ ಜೋಡಣೆ, ಪ್ರತಿಫಲಕ, ಮಾರ್ಗದ ತುಂಡು ಎಂಬ ಮೂರರಿಂದಲೇ ನಿರ್ಣಯ ಮಾಡುವ ಬೇರೊಂದು ವಿಧಾನವನ್ನು ಪ್ರಕಟಿಸಿದರೆಂಬುದನ್ನೂ ಇಲ್ಲಿ ಸೂಚಿಸಿದರೆ ಸಾಕು. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದುದು ಆಜ್ಞೆಗಳು ಸಾಗುವ ತಂತಿಯ ಕಥೆ.

ಮೊದಮೊದಲು ಒಂದೊಂದು ಉಪಕರಣವನ್ನು ಗಣಕಕ್ಕೆ ಜೋಡಿಸಲು ಒಂದೊಂದು ಬಗೆಯ ವ್ಯವಸ್ಥೆ ಬೇಕಾಗುತ್ತಿತ್ತು. 1972ರ ಅಕ್ಟೋಬರಿನಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯು ಎಲ್ಲಕ್ಕೂ ಸಲ್ಲುವ ಒಂದು ಸಾಮಾನ್ಯ ಸಂಪರ್ಕ ಪದ್ಧತಿಯನ್ನು ವಿವರಿಸಿತು; 1975ರಲ್ಲಿ ಅದು ಐಇಇಇ 488 ಎಂಬ ಮಾನಕವಾಯಿತು. ಸಂಕೇತದ ತಂತಿಗಳು ಹದಿನಾರು: ದತ್ತಾಂಶಕ್ಕೆ ಎಂಟು, ಕೊಟ್ಟುಕೊಳ್ಳುವ ಕ್ರಮಕ್ಕೆ ಮೂರು, ಆಡಳಿತಕ್ಕೆ ಐದು. ಒಂದು ಕೂಟದಲ್ಲಿ ಹದಿನೈದು ಉಪಕರಣಗಳು. ಕೇಬಲ್ಲಿನ ಒಟ್ಟು ಉದ್ದ ಇಪ್ಪತ್ತು ಮೀಟರು ಮೀರಬಾರದು. ದೂರಾಜ್ಞೆ ಎಂಬ ಮಾತಿನಲ್ಲಿ ದೂರವೆಷ್ಟು ಎಂಬುದು ಇದರಿಂದ ತಿಳಿಯುತ್ತದೆ. ಇಲ್ಲಿ ದೂರವೆಂದರೆ ಅಂತರವಲ್ಲ, ಅಧಿಕಾರ. ಐದು ಆಡಳಿತದ ತಂತಿಗಳಲ್ಲಿ ಒಂದನ್ನು ಎಚ್ಚರಿಸಿ ಗಣಕವು ಉಪಕರಣದೊಡನೆ ಮಾತಿಗೆ ತೊಡಗಿದೊಡನೆ ಮುಂಫಲಕದ ಗುಂಡಿಗಳ ಅಧಿಕಾರ ಹೋಗಿ, ತಂತಿಯ ಮೇಲಿನ ಮಾತಿಗೆ ಅಧಿಕಾರ ಬರುತ್ತದೆ.

ಕೊಟ್ಟುಕೊಳ್ಳುವ ಮೂರು ತಂತಿಗಳ ಕೆಲಸವನ್ನು ಗಮನಿಸಬೇಕು. ಒಂದು ಅಕ್ಷರವನ್ನು ಕಳುಹಿಸಿದ ಮೇಲೆ, ಕೇಳುವವರೆಲ್ಲರೂ ಅದನ್ನು ಸ್ವೀಕರಿಸಿದೆವೆಂದು ಸೂಚಿಸುವವರೆಗೆ ಮುಂದಿನ ಅಕ್ಷರ ಹೊರಡುವುದಿಲ್ಲ. ಎಲ್ಲಕ್ಕಿಂತ ನಿಧಾನವಾದ ಉಪಕರಣವೇ ವೇಗವನ್ನು ಗೊತ್ತುಮಾಡುತ್ತದೆ. ಏರ್ಪಾಡು ಬಹು ಭದ್ರವಾದುದು. ಆದರೆ ಅದು ಭರವಸೆ ಕೊಡುವುದು ಅಕ್ಷರವು ಕಿವಿಗೆ ಬಿದ್ದಿತೆಂಬುದಕ್ಕೆ ಮಾತ್ರ; ಹೇಳಿದ ಕೆಲಸ ನಡೆಯಿತೆಂಬುದಕ್ಕಲ್ಲ. ವೋಲ್ಟ್‌ಮೀಟರಿನಂತಹ ಉಪಕರಣದಲ್ಲಿ ಈ ಎರಡರ ನಡುವಣ ಅಂತರ ಸಾಮಾನ್ಯವಾಗಿ ಅಲ್ಪ. ಜಾಲ ವಿಶ್ಲೇಷಕದಲ್ಲಿ ಹಾಗಲ್ಲ: ಗ್ರಾಹಕದ ಪಟ್ಟಿಯ ಅಗಲವನ್ನು 10 ಹರ್ಟ್ಸ್‌ಗೆ ಇಳಿಸಿ 201 ಬಿಂದುಗಳನ್ನು ಅಳೆಯಹೊರಟರೆ ಒಂದೊಂದು ಓಟಕ್ಕೂ ಇಪ್ಪತ್ತು ಸೆಕೆಂಡುಗಳಾದರೂ ಬೇಕು.

1984ರಲ್ಲಿ 8510 ವಿಶ್ಲೇಷಕವೂ, 1986ರಲ್ಲಿ ಕಡಿಮೆ ಆವರ್ತಾಂಕಗಳ 8753 ವಿಶ್ಲೇಷಕವೂ ಬಂದಮೇಲೆ ಈ ಅಂತರ ದೊಡ್ಡ ಪ್ರಶ್ನೆಯಾಯಿತು. ಈ ಯಂತ್ರಗಳಲ್ಲಿ ದೋಷ ಕಳೆಯುವ ಲೆಕ್ಕ ಯಂತ್ರದ ಹೊಟ್ಟೆಯೊಳಕ್ಕೇ ಸೇರಿತು. ಹಿಂದೆ ಹೊರಗಿನ ಗಣಕ ಪ್ರತಿ ಬಿಂದುವಿನ ಓದನ್ನು ತರಿಸಿ ತಾನೇ ಸಮೀಕರಣ ಬಿಡಿಸುತ್ತಿತ್ತು. ಕೆಲಸ ಮುಗಿದುದು ಅದಕ್ಕೆ ಗೊತ್ತಾಗದೆ ಹೋಗುವಂತಿರಲಿಲ್ಲ. ಈಗ ತಂತಿಯ ಮೇಲೆ ಹೋಗುವುದು ಕೆಲವು ಹೆಸರುಗಳು ಮಾತ್ರ. 8753ರಲ್ಲಿ ಒಂದು ಬಾಯಿಯ ನಿರ್ಣಯವನ್ನು ಆರಂಭಿಸಲು ಕ್ಯಾಲಿಎಸ್111 ಎಂಬ ಆಜ್ಞೆ. ಓಪನ್ನಿಗೆ ಕ್ಲಾಸ್11ಎ, ಷಾರ್ಟಿಗೆ ಕ್ಲಾಸ್11ಬಿ, ಲೋಡಿಗೆ ಕ್ಲಾಸ್11ಸಿ. ಕೊನೆಗೆ ಲೆಕ್ಕ ಮಾಡಿ ಉಳಿಸಿಕೊಳ್ಳಲು ಸ್ಯಾವ್1. ಮುಂಫಲಕದ ಗುಂಡಿಗಳಿಗೂ ಈ ಹೆಸರುಗಳಿಗೂ ಹೆಚ್ಚು ಕಡಮೆ ಒಂದಕ್ಕೊಂದು ಸರಿಹೊಂದುತ್ತದೆ. ಗಣಕ ಮೊದಲು ಮಾಡಿದ ವಿಧಿಯನ್ನು ಗುಂಡಿಗಳು ಕಲಿತುವು. ಆಮೇಲೆ ಗುಂಡಿಗಳ ಹೆಸರು ಹೇಳಿ ಕೆಲಸ ಮಾಡಿಸುವುದನ್ನು ಗಣಕ ಕಲಿಯಿತು.

ಓಪನ್ನನ್ನು ಅಳೆಯಲು ಆಜ್ಞೆ ಹೋಯಿತು, ಯಂತ್ರ ಅದನ್ನು ಕೇಳಿಸಿಕೊಂಡಿತು. ಗಣಕವು ಕೂಡಲೇ ತೆರೆಯ ಮೇಲೆ ‘ಷಾರ್ಟನ್ನು ಜೋಡಿಸಿ’ ಎಂದು ಬರೆದರೆ, ಓಟ ಇನ್ನೂ ಅರ್ಧದಲ್ಲಿರುವಾಗ ವಿದ್ಯಾರ್ಥಿ ಓಪನ್ನನ್ನು ತಿರುಚಿ ತೆಗೆಯುತ್ತಾನೆ. ಅರ್ಧ ಓಪನ್ನು, ಅರ್ಧ ಬರಿಯ ಗಾಳಿ ಸೇರಿದ ದಾಖಲೆಯಿಂದ ಯಂತ್ರ ನಿಷ್ಠೆಯಿಂದ ಲೆಕ್ಕ ಮಾಡುತ್ತದೆ. ಇದನ್ನು ತಪ್ಪಿಸಲು ಓಪಿಸಿ ಎಂಬ ಪ್ರಶ್ನೆ ಏರ್ಪಟ್ಟಿತು. ಕೆಲಸ ಮುಗಿಯಿತೆ ಎಂದು ಕೇಳಿ ಗಣಕ ಕಾದಿರುತ್ತದೆ. ಮುಗಿದಾಗ ಯಂತ್ರ 1 ಎಂಬ ಅಂಕೆಯನ್ನು ಹಿಂದಿರುಗಿಸುತ್ತದೆ.

ಚರಿತ್ರಕಾರನಿಗೆ ಸ್ವಾರಸ್ಯವಾದ ಸಂಗತಿ ಇಲ್ಲಿದೆ. 8753ರ ಭಾಷೆಯಲ್ಲಿ ಈ ಪ್ರಶ್ನೆಯನ್ನು ಆಜ್ಞೆಗಿಂತ ಮೊದಲು ಹೇಳಬೇಕು: ಮುಂದೆ ಬರುವ ಆಜ್ಞೆ ಮುಗಿದಾಗ ತಿಳಿಸು ಎಂದು ಅದರ ಅರ್ಥ. 1987ರಲ್ಲಿ ಐಇಇಇ 488.2 ಎಂಬ ಮಾನಕವು ಎಲ್ಲ ಉಪಕರಣಗಳಿಗೂ ಸಮಾನವಾದ ಆಜ್ಞೆಗಳನ್ನು ನಿಶ್ಚಯಿಸಿತು. ಅವುಗಳಲ್ಲಿ ನಕ್ಷತ್ರ ಚಿಹ್ನೆಯನ್ನು ತಲೆಯಲ್ಲಿ ಹೊತ್ತ ಓಪಿಸಿಯೂ ಒಂದು. ಆದರೆ ಇದನ್ನು ಆಜ್ಞೆಯ ತರುವಾಯ ಹೇಳಬೇಕು: ಇದುವರೆಗೆ ಹೇಳಿದ್ದು ಮುಗಿದಾಗ ತಿಳಿಸು ಎಂದು ಅರ್ಥ. ಹೆಸರು ಒಂದೇ, ಭಾವವೂ ಒಂದೇ, ಸ್ಥಾನ ಮಾತ್ರ ವಿರುದ್ಧ. ಹಳೆಯ ಕಾರ್ಯಕ್ರಮವನ್ನು ಹೊಸ ಯಂತ್ರಕ್ಕೆ ಸಾಗಿಸುವವರು ಪದಗಳನ್ನು ಬದಲಿಸಿ ಕ್ರಮವನ್ನು ಹಾಗೆಯೇ ಬಿಟ್ಟರೆ, ಪ್ರಶ್ನೆಗೆ ತಕ್ಷಣವೇ 1 ಎಂಬ ಉತ್ತರ ಬರುತ್ತದೆ. ಏಕೆಂದರೆ ಆಗಿನ್ನೂ ಮುಗಿಯಬೇಕಾದ ಕೆಲಸ ಯಾವುದೂ ಇಲ್ಲ. ಕಾಯುವಿಕೆ ಹೋಯಿತು, ದೋಷದ ಸೂಚನೆಯೂ ಇಲ್ಲ. ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ಹತ್ತು ಸೆಕೆಂಡು ಮಾತ್ರ ಕಾಯುವಂತೆ ಗೊತ್ತುಮಾಡಿದ ಗಣಕವು ಮೇಲೆ ಹೇಳಿದ ಇಪ್ಪತ್ತು ಸೆಕೆಂಡಿನ ಓಟದ ನಡುವೆ ಯಂತ್ರ ಕೆಟ್ಟಿತೆಂದು ಘೋಷಿಸಿ ನಿಂತುಬಿಡುತ್ತದೆ. ಇದು ತನ್ನನ್ನು ತಾನೇ ತೋರಿಸಿಕೊಡುವುದರಿಂದ ಅಷ್ಟು ಅಪಾಯಕಾರಿಯಲ್ಲ.

ಇನ್ನು, ಯಾವ ಆಜ್ಞೆಯಿಂದಲೂ ತಿಳಿಯದ ಒಂದು ಸಂಗತಿಯಿದೆ: ಬಾಯಿಗೆ ನಿಜವಾಗಿ ಜೋಡಿಸಿರುವುದು ಯಾವ ಮಾನಕ? ಒಬ್ಬನು ಓಪನ್ ಎಂದಾಗ ಷಾರ್ಟನ್ನೂ, ಷಾರ್ಟ್ ಎಂದಾಗ ಓಪನ್ನನ್ನೂ ಜೋಡಿಸಿದನೆಂದು ಊಹಿಸೋಣ. ಆದರ್ಶ ಮಾನಕಗಳಲ್ಲಿ ಓಪನ್ನಿನ ಪ್ರತಿಫಲನ +1, ಷಾರ್ಟಿನದು −1, ಲೋಡಿನದು 0. ಮೂರು ಸಮೀಕರಣಗಳನ್ನು ಬಿಡಿಸಿ ನೋಡಿದರೆ, ಈ ಅದಲುಬದಲಿನಿಂದ ಯಂತ್ರ ಮುಂದೆ ಅಳೆಯುವ ಪ್ರತಿಯೊಂದು ಪ್ರತಿಫಲನದ ಚಿಹ್ನೆ ತಿರುವಾಗುತ್ತದೆ, ಅಷ್ಟೆ. ಪರಿಮಾಣ ಸರಿಯಾಗಿಯೇ ಇರುತ್ತದೆ! ಪ್ರತಿಫಲನದ ಡೆಸಿಬೆಲ್ ನಕ್ಷೆಯನ್ನಷ್ಟೇ ಅಚ್ಚು ಹಾಕಿಸುವವರಿಗೆ ಏನೂ ಅನುಮಾನ ಬರುವುದಿಲ್ಲ. ಆದರೆ 50 ಓಮ್ ವ್ಯವಸ್ಥೆಯಲ್ಲಿ 25 ಓಮಿನ ನಿರೋಧ 100 ಓಮ್ ಎಂದು ಕಾಣುತ್ತದೆ. ಆ ಬೆಲೆಯನ್ನು ನಂಬಿ ಆಂಟೆನಾಕ್ಕೆ ಹೊಂದಿಕೆಯ ಮಂಡಲವನ್ನು ಕಟ್ಟಿದವನ ಶ್ರಮ ವ್ಯರ್ಥ. ವಾಸ್ತವದಲ್ಲಿ ಓಪನ್ನಿನ ಅಂಚಿನ ಧಾರಣೆ, ಷಾರ್ಟಿನ ಸ್ವಲ್ಪ ಉದ್ದ ಇವುಗಳಿಂದ ದೋಷವು ಆವರ್ತಾಂಕದೊಡನೆ ಬೆಳೆದು ಕೊನೆಗೆ ಕಣ್ಣಿಗೆ ಬೀಳಬಹುದು. ಕೆಳಗಿನ ಆವರ್ತಾಂಕಗಳಲ್ಲಿ ಅಡಗಿಯೇ ಇರುತ್ತದೆ.

ನಿರ್ಣಯ ಮುಗಿದ ಮೇಲೆ ಅದೇ ಲೋಡನ್ನು ಮತ್ತೆ ಜೋಡಿಸಿ, ನಕ್ಷೆ ತಳಕ್ಕಿಳಿದುದನ್ನು ಕಂಡು ತೃಪ್ತಿಪಡುವ ವಾಡಿಕೆ ನಮ್ಮ ಪ್ರಯೋಗಶಾಲೆಗಳಲ್ಲಿ ಬಲವಾಗಿದೆ. ಇದು ಸಾಕ್ಷಿಯನ್ನು ಅವನ ಮಾತಿನಿಂದಲೇ ಪರೀಕ್ಷಿಸಿದಂತೆ. ಲೋಡು ಸೊನ್ನೆ ಎಂದು ಯಂತ್ರಕ್ಕೆ ಹೇಳಿದವರು ನಾವೇ. ಅದು ಸೊನ್ನೆ ಎಂದು ಯಂತ್ರ ನಮಗೆ ಹಿಂದಕ್ಕೆ ಹೇಳುತ್ತದೆ. ಇದರಿಂದ ಜೋಡಣೆ ಸಡಿಲವಾಗಿಲ್ಲವೆಂಬುದು ತಿಳಿದೀತು, ನಿರ್ಣಯ ಸರಿಯೆಂಬುದು ತಿಳಿಯದು. ನಿರ್ಣಯದಲ್ಲಿ ಭಾಗವಹಿಸದ, ಬೆಲೆ ಬೇರೆ ಕಡೆಯಿಂದ ಗೊತ್ತಿರುವ ಒಂದು ವಸ್ತುವನ್ನು, ಉದ್ದ ತಿಳಿದ ಗಾಳಿಮಾರ್ಗವನ್ನೋ 25 ಓಮಿನ ಮುಚ್ಚಳವನ್ನೋ, ಅಳೆದು ನೋಡುವುದು ಅವಶ್ಯಕ. ಕಾರ್ಯಕ್ರಮದಲ್ಲಿ ಅದಕ್ಕೆ ನಾಲ್ಕು ಸಾಲು ಹೆಚ್ಚಾಗುತ್ತದೆ, ಅಷ್ಟೆ.

8753ರಲ್ಲಿ ಟೈಪ್-ಎನ್ ಜೋಡಣೆಗಳಿಗೆ ಗಂಡು, ಹೆಣ್ಣು ಎಂಬ ಭೇದವನ್ನು ಸೂಚಿಸುವಾಗ, ಆ ಗುರುತು ಮಾನಕದ್ದಲ್ಲ, ಯಂತ್ರದ ಬಾಯಿಯದು ಎಂಬುದನ್ನೂ ಇಲ್ಲಿ ನೆನೆಯಬೇಕು. ಗುಂಡಿ ಒತ್ತುವವನು ಪ್ರತಿಸಾರಿಯೂ ಇದನ್ನು ಯೋಚಿಸಬೇಕಾಗುತ್ತಿತ್ತು. ಕಾರ್ಯಕ್ರಮ ಬರೆದವನು ಒಮ್ಮೆ ಮಾತ್ರ ಯೋಚಿಸಿರುತ್ತಾನೆ. ಅವನು ಸರಿಯಾಗಿ ಯೋಚಿಸಿದ್ದರೆ ಎಲ್ಲರಿಗೂ ಲಾಭ, ತಪ್ಪಿದ್ದರೆ ಅವನ ಬಳಿಕ ಬಂದವರೆಲ್ಲರ ಪ್ರಬಂಧಗಳಲ್ಲಿಯೂ ಅದೇ ತಪ್ಪು. ಇದರ ಇನ್ನೊಂದು ಮುಖವೂ ಇದೆ: ಯಾವ ಮಾನಕಪೆಟ್ಟಿಗೆ, ಎಷ್ಟು ಬಿಂದು, ಯಾವ ಕ್ರಮ ಎಂಬುದೆಲ್ಲ ಕಾರ್ಯಕ್ರಮದ ಸಾಲುಗಳಲ್ಲಿ ಲಿಖಿತವಾಗಿ ಉಳಿಯುತ್ತದೆ. ಒತ್ತಿದ ಗುಂಡಿಗಳ ದಾಖಲೆಯನ್ನು ಯಾರೂ ಇಟ್ಟಿರುವುದಿಲ್ಲ. ಪ್ರಬಂಧದ ಅನುಬಂಧದಲ್ಲಿ ಈ ಸಾಲುಗಳನ್ನು ಅಚ್ಚು ಮಾಡಿಸುವುದು ನಮ್ಮಲ್ಲಿ ಇನ್ನೂ ವಿರಳವೆಂಬುದು ವಿಷಾದದ ಸಂಗತಿ.

1990ರಲ್ಲಿ ಹಲವು ತಯಾರಕರು ಕೂಡಿ ಎಸ್‌ಸಿಪಿಐ ಎಂಬ ಸಾಮಾನ್ಯ ಆಜ್ಞಾಭಾಷೆಯನ್ನು ಪ್ರಕಟಿಸಿದರು. ಅದೇ ದಶಕದಲ್ಲಿ, ಹಲವು ಪ್ರತಿಫಲನ ಸ್ಥಿತಿಗಳನ್ನು ತನ್ನೊಳಗೇ ವಿದ್ಯುತ್ತಿನಿಂದ ಬದಲಾಯಿಸಿಕೊಳ್ಳುವ ಮಾನಕಪೆಟ್ಟಿಗೆಗಳೂ ಬಂದುವು. ಅವುಗಳಿಂದ ಓಪನ್ ತೆಗೆದು ಷಾರ್ಟ್ ಹಾಕುವ ಕೆಲಸ ಕೈಯಿಂದ ತಪ್ಪಿತು, ಅದಲುಬದಲಾಗುವ ಭಯವೂ ತಪ್ಪಿತು. ಆದರೆ ಅವು ಬೆಲೆಯುಳ್ಳವು; ಅವುಗಳ ಬೆಲೆಗಳನ್ನು ಮೊದಲು ಗೊತ್ತುಮಾಡುವುದಕ್ಕೂ ಯಾವುದಾದರೊಂದು ಪ್ರಯೋಗಶಾಲೆಯಲ್ಲಿ ಗಟ್ಟಿ ಲೋಹದ ಮಾನಕಗಳನ್ನು ಕೈಯಿಂದ ಜೋಡಿಸಲೇಬೇಕು.