ಗುರುಗಳಿಲ್ಲದ ಸಭೆ : ನಾಗಸಾಕಿಯ ಗುಪ್ತ ಕ್ರೈಸ್ತರ ನಿತ್ಯಜೀವನದಲ್ಲಿ ಕಥೋಲಿಕ ಧರ್ಮ

ಧರ್ಮಗಳ ಚರಿತ್ರೆಯನ್ನು ಬರೆಯುವಾಗ ಆಚಾರ್ಯರು, ಮಠಗಳು, ರಾಜಾಶ್ರಯ, ಶಾಸ್ತ್ರಗ್ರಂಥಗಳು ಇವನ್ನೇ ಮುಖ್ಯವಾಗಿ ಹಿಡಿಯುವುದು ವಾಡಿಕೆ. ಇವೆಲ್ಲವೂ ಒಮ್ಮೆಗೇ ಇಲ್ಲದೆ ಹೋದರೆ ಧರ್ಮವು ಉಳಿಯಬಲ್ಲುದೇ, ಉಳಿದರೆ ಯಾವುದರ ಬಲದಿಂದ ಉಳಿಯುತ್ತದೆ ಎಂಬ ಪ್ರಶ್ನೆಗೆ ಉತ್ತರಕೊಡುವ ನಿದರ್ಶನಗಳು ವಿರಳವಾಗಿವೆ. ಜಪಾನಿನ ನೈಋತ್ಯದಲ್ಲಿರುವ ನಾಗಸಾಕಿ ಸೀಮೆಯ ಕಥೋಲಿಕ ಕ್ರೈಸ್ತರ ಚರಿತ್ರೆಯು ಅಂತಹ ಒಂದು ನಿದರ್ಶನ. ಅಲ್ಲಿಯ ರೈತರೂ ಬೆಸ್ತರೂ ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ಗುರುಗಳಿಲ್ಲದೆ, ದೇವಾಲಯವಿಲ್ಲದೆ, ಮರಣದಂಡನೆಯ ಭಯದ ನಡುವೆ ತಮ್ಮ ಮತವನ್ನು ಮಕ್ಕಳಿಗೆ ಒಪ್ಪಿಸುತ್ತ ಬಂದರು. ಇದಕ್ಕೆ ಅವರ ಸ್ಥೈರ್ಯವೇ ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಸ್ಥೈರ್ಯವೇನೋ ಸತ್ಯವೇ. ಆದರೆ ಸ್ಥೈರ್ಯವೊಂದರಿಂದಲೇ ಏಳು ತಲೆಮಾರುಗಳು ಸಾಗಲಾರವು. ಧರ್ಮವನ್ನು ಹಳ್ಳಿಯ ಜನರು ನಿತ್ಯದ ಕೆಲಸಗಳಾಗಿ ತಮ್ಮೊಳಗೆ ಹಂಚಿಕೊಂಡುದೇ ಅದರ ಉಳಿವಿಗೆ ಮೂಲವೆಂಬುದು ಆಧಾರಗಳಿಂದ ವಿದಿತವಾಗುತ್ತದೆ.

ಈ ಚರಿತ್ರೆಯ ಆರಂಭವು ಭಾರತದ ಪಶ್ಚಿಮ ಕರಾವಳಿಗೆ ಸೇರಿದುದು. ಯೇಸುಸಭೆಯ ಫ್ರಾನ್ಸಿಸ್ ಕ್ಸೇವಿಯರನು ಜಪಾನಿಗೆ ಹೊರಟಾಗ ಅವನ ಜೊತೆಯಲ್ಲಿ ಆಂಜಿರೋ ಎಂಬ ಜಪಾನೀಯನಿದ್ದನು. ಇವನು 1548ರಲ್ಲಿ ಗೋವೆಯಲ್ಲಿ ಜ್ಞಾನಸ್ನಾನ ಹೊಂದಿದವನು. 1549ನೆಯ ಆಗಸ್ಟ್ 15ರಂದು ಇವರು ಕಾಗೋಶಿಮದಲ್ಲಿ ಇಳಿದರು. 1563ರಲ್ಲಿ ಓಮುರ ಸೀಮೆಯ ಪಾಳೆಯಗಾರ ಸುಮಿತಾದನು ಕ್ರೈಸ್ತನಾದನು. ಕೆಲವು ವರ್ಷಗಳೊಳಗೆ ಅವನ ಸೀಮೆಯ ನಾಗಸಾಕಿಯು ಪೋರ್ತುಗೀಸರ ವ್ಯಾಪಾರದ ರೇವಾಯಿತು. ಹದಿನೇಳನೆಯ ಶತಮಾನದ ಆದಿಯಲ್ಲಿ ಜಪಾನಿನ ಕ್ರೈಸ್ತರ ಸಂಖ್ಯೆ ಸುಮಾರು ಮೂರು ಲಕ್ಷವಿದ್ದಿತೆಂದು ಅಂದಾಜು ಮಾಡಲಾಗಿದೆ. ಇಷ್ಟು ಜನರಿಗೆ ಗುರುಗಳು ಬಹು ಸ್ವಲ್ಪವೇ ಇದ್ದರು. ಆದಕಾರಣ ರೋಗಿಗಳ ಶುಶ್ರೂಷೆ, ಬಡವರಿಗೆ ಸಹಾಯ, ಶವಸಂಸ್ಕಾರ, ಮಕ್ಕಳಿಗೆ ಜಪ ಕಲಿಸುವುದು ಮೊದಲಾದ ಕಾರ್ಯಗಳಿಗಾಗಿ ಗೃಹಸ್ಥರ ಕೂಟಗಳು ಏರ್ಪಟ್ಟವು. 1583ರಲ್ಲಿ ನಾಗಸಾಕಿಯಲ್ಲಿ ಸ್ಥಾಪಿತವಾದ ಕರುಣೆಯ ಕೂಟವು ಇವುಗಳಲ್ಲಿ ಪ್ರಸಿದ್ಧವಾದುದು. ಮುಂದೆ ಒದಗಿದ ವಿಪತ್ತಿನಲ್ಲಿ ಈ ಕೂಟಗಳೇ ಆಧಾರಸ್ತಂಭಗಳಾದುವು.

ವಿಪತ್ತು ಕ್ರಮಕ್ರಮವಾಗಿ ಬಂದಿತು. 1587ರಲ್ಲಿ ಹಿದೆಯೋಶಿಯು ಪಾದ್ರಿಗಳು ದೇಶವನ್ನು ಬಿಡಬೇಕೆಂದು ಆಜ್ಞಾಪಿಸಿದನು. 1597ನೆಯ ಫೆಬ್ರವರಿ 5ರಂದು ನಾಗಸಾಕಿಯಲ್ಲಿ 26 ಮಂದಿಯನ್ನು ಶಿಲುಬೆಗೇರಿಸಲಾಯಿತು. 1614ರಲ್ಲಿ ತೊಕುಗಾವ ಪ್ರಭುತ್ವವು ದೇಶಾದ್ಯಂತ ಕ್ರೈಸ್ತಮತವನ್ನು ನಿಷೇಧಿಸಿತು. 1637-38ರಲ್ಲಿ ಶಿಮಾಬರ ಮತ್ತು ಅಮಾಕುಸಗಳ ರೈತರ ದಂಗೆ ನಡೆದ ಮೇಲೆ ಆಜ್ಞೆಯು ಇನ್ನೂ ಕಠಿನವಾಯಿತು. ಜನರ ನಡುವೆ ಗುಪ್ತವಾಗಿ ಸಂಚರಿಸುತ್ತಿದ್ದ ಕೊನೆಯ ಗುರುವಾದ ಕೊನಿಶಿ ಮಾನ್ಸಿಯೋ 1644ರಲ್ಲಿ ಹತನಾದನು. 1708ರಲ್ಲಿ ಸಿದೊತ್ತಿ ಎಂಬ ಇಟಲಿಯ ಗುರುವೊಬ್ಬನು ಜಪಾನೀಯ ವೇಷದಿಂದ ಯಾಕುಶಿಮ ದ್ವೀಪದಲ್ಲಿ ಇಳಿದನಾದರೂ ಕೂಡಲೆ ಸೆರೆಸಿಕ್ಕಿ 1714ರಲ್ಲಿ ಸೆರೆಯಲ್ಲಿಯೇ ಮಡಿದನು.

ಪ್ರಭುತ್ವದ ತಪಾಸಣೆಯು ಪ್ರತಿಯೊಂದು ಮನೆಯ ಒಳಗನ್ನೂ ಮುಟ್ಟುವಂತಹುದಾಗಿತ್ತು. ಪ್ರತಿ ಕುಟುಂಬವೂ ಒಂದು ಬೌದ್ಧ ವಿಹಾರದಲ್ಲಿ ಹೆಸರು ಬರೆಯಿಸಿ ತಾನು ಕ್ರೈಸ್ತ ಕುಟುಂಬವಲ್ಲವೆಂಬ ಪ್ರಮಾಣವನ್ನು ಪಡೆಯಬೇಕಾಗಿತ್ತು. ಐದೈದು ಮನೆಗಳನ್ನು ಒಂದು ಗುಂಪಾಗಿ ಮಾಡಿ ಒಬ್ಬರ ತಪ್ಪಿಗೆ ಎಲ್ಲರೂ ಹೊಣೆಯೆಂದು ಗೊತ್ತುಮಾಡಲಾಗಿತ್ತು. ಕ್ರೈಸ್ತರನ್ನು ಹಿಡಿದುಕೊಟ್ಟವರಿಗೆ ಬೆಳ್ಳಿಯ ಬಹುಮಾನವುಂಟೆಂದು ಸಾರುವ ಹಲಗೆಗಳನ್ನು ಊರೂರಲ್ಲಿಯೂ ನಿಲ್ಲಿಸಿದ್ದರು. ಇವೆಲ್ಲಕ್ಕಿಂತ ಕಠಿನವಾದ ಪರೀಕ್ಷೆ ಫುಮಿಯೆ ಎಂಬುದು. ಕ್ರಿಸ್ತನ ಅಥವಾ ದೇವಮಾತೆಯ ಪ್ರತಿಮೆಯನ್ನು ನೆಲದ ಮೇಲಿಟ್ಟು ಮನೆಮಂದಿಯೆಲ್ಲರೂ ಅದನ್ನು ಕಾಲಿನಿಂದ ತುಳಿಯುವಂತೆ ಮಾಡುತ್ತಿದ್ದರು. 1620ರ ದಶಕದ ಕೊನೆಗೆ ಆರಂಭವಾದ ಈ ಪದ್ಧತಿಯು ನಾಗಸಾಕಿಯಲ್ಲಿ ವರ್ಷವರ್ಷವೂ ನಡೆದು 1858ರ ವೇಳೆಗೆ ನಿಂತಿತು.

ಇಂತಹ ಸ್ಥಿತಿಯಲ್ಲಿ ಕಥೋಲಿಕ ಧರ್ಮದ ಯಾವ ಅಂಶವು ಉಳಿಯಲು ಸಾಧ್ಯವಿತ್ತೆಂಬುದನ್ನು ವಿಚಾರಿಸಬೇಕಾಗಿದೆ. ಆ ಧರ್ಮದ ಏಳು ಸಂಸ್ಕಾರಗಳಲ್ಲಿ ಬಲಿಪೂಜೆ, ಪಾಪನಿವೇದನೆ ಮೊದಲಾದುವಕ್ಕೆ ಗುರುವು ಬೇಕೇ ಬೇಕು. ಆದರೆ ಜ್ಞಾನಸ್ನಾನವನ್ನು ಅಗತ್ಯ ಬಿದ್ದಾಗ ಯಾರು ಬೇಕಾದರೂ ಕೊಡಬಹುದು. ನೀರೂ ನಿಯತವಾದ ಮಾತೂ ಸರಿಯಾಗಿದ್ದರೆ ಸಾಕು. ಹಾಗೆಯೇ ಗುರುವು ದೊರೆಯದಿರುವಾಗ ಪೂರ್ಣ ಪಶ್ಚಾತ್ತಾಪದಿಂದ ಪಾಪವು ಕ್ಷಮಿಸಲ್ಪಡುತ್ತದೆಂದು ಸಭೆಯು ಬೋಧಿಸುತ್ತದೆ. ಈ ಪಶ್ಚಾತ್ತಾಪದ ವಿಧಾನವನ್ನು ತಿಳಿಸುವ ಸಣ್ಣದೊಂದು ಪುಸ್ತಕವು 1603ರಲ್ಲಿಯೇ ಜಪಾನೀ ಭಾಷೆಯಲ್ಲಿ ಸಿದ್ಧವಾಗಿತ್ತು. ನಿಷೇಧದ ಕಾಲದಲ್ಲಿ ಅದು ಕೈಬರೆಹದ ಪ್ರತಿಗಳಲ್ಲಿ ಹಳ್ಳಿಗಳೊಳಗೆ ಸಂಚರಿಸಿತು. ಪ್ರತಿಮೆಯನ್ನು ತುಳಿದು ಮನೆಗೆ ಬಂದವರು ಬಾಗಿಲು ಮುಚ್ಚಿ ಪಶ್ಚಾತ್ತಾಪದ ಜಪವನ್ನು ಹೇಳುತ್ತಿದ್ದರು. ಹೊರಗೆ ನಿರಾಕರಿಸಿ ಒಳಗೆ ನಂಬುವ ಈ ಬಾಳು ಸುಲಭವಾದುದಲ್ಲ. ಪ್ರಾಣಕೊಟ್ಟ ಪೂರ್ವಿಕರನ್ನು ಸ್ಮರಿಸುತ್ತಲೇ ತಾವು ತುಳಿದು ಬದುಕುವ ಸಂಕಟವು ಪ್ರತಿ ವರ್ಷವೂ ಹೊಸದಾಗುತ್ತಿತ್ತು. ಹಾಗೆ ಬದುಕಿದವರಿಲ್ಲದಿದ್ದರೆ ಮತವನ್ನು ಮಕ್ಕಳಿಗೆ ಒಪ್ಪಿಸುವವರೇ ಇರುತ್ತಿರಲಿಲ್ಲವೆಂಬುದೂ ಅಷ್ಟೇ ನಿಜ.

ಉರಕಾಮಿ ಮೊದಲಾದ ಹಳ್ಳಿಗಳಲ್ಲಿ ಹಳೆಯ ಕೂಟಗಳು ಮೂರು ಅಧಿಕಾರಗಳಾಗಿ ರೂಪುಗೊಂಡುವು. ಮೊದಲನೆಯವನು ಚೋಕಾತ, ಅಂದರೆ ಪಂಚಾಂಗವನ್ನು ಇಟ್ಟುಕೊಂಡವನು. ಎರಡನೆಯವನು ಮಿಜುಕಾತ, ಶಿಶುಗಳಿಗೆ ಜ್ಞಾನಸ್ನಾನ ಕೊಡುವುದು ಇವನ ಕೆಲಸ. ಮೂರನೆಯವನು ಕಿಕಿಯಾಕು, ಹಬ್ಬ ಉಪವಾಸಗಳ ದಿನವನ್ನು ಮನೆಮನೆಗೂ ಗುಟ್ಟಾಗಿ ತಿಳಿಸುವುದು, ಹುಟ್ಟುಸಾವುಗಳ ಸುದ್ದಿಯನ್ನು ತರುವುದು ಇವನಿಗೆ ಸೇರಿದುದು. ಇವರೆಲ್ಲರೂ ಹೊಲದಲ್ಲಿಯೋ ಸಮುದ್ರದಲ್ಲಿಯೋ ದುಡಿಯುವ ಗೃಹಸ್ಥರೇ. ಸ್ಥಳದಿಂದ ಸ್ಥಳಕ್ಕೆ ಈ ವ್ಯವಸ್ಥೆಯು ಭೇದಿಸುತ್ತಿತ್ತು. ಇಕಿತ್ಸುಕಿ ದ್ವೀಪದಲ್ಲಿ ಪವಿತ್ರವಸ್ತುಗಳನ್ನು ಕಾಯುವ ಮನೆಯೇ ಗುಂಪಿನ ಕೇಂದ್ರವಾಗಿತ್ತು.

ಈ ಮೂರರಲ್ಲಿ ಪಂಚಾಂಗದ ಕೆಲಸವು ವಿಶೇಷವಾಗಿ ಗಮನಾರ್ಹವಾದುದು. ಅಲ್ಲಿ ಪ್ರಚಾರದಲ್ಲಿದ್ದುದು ಅಧಿಕಮಾಸಗಳುಳ್ಳ ಚಾಂದ್ರಮಾನ; ಕ್ರೈಸ್ತರ ಹಬ್ಬಗಳಾದರೋ ರೋಮಿನ ಪಂಚಾಂಗಕ್ಕೆ ಸೇರಿದುವು. 1634ರ ಹಬ್ಬಗಳನ್ನು ಜಪಾನೀ ತಿಂಗಳುಗಳಿಗೆ ಹೊಂದಿಸಿದ ಒಂದು ಪಟ್ಟಿಯು ಬಸ್ತಿಯಾನನೆಂಬ ಉಪದೇಶಿಯ ಹೆಸರಿನಲ್ಲಿ ಸೊತೋಮೆ ಮುಂತಾದ ಕಡೆಗಳಲ್ಲಿ ಬಳಕೆಯಲ್ಲಿತ್ತು. ಅದನ್ನು ಆಧಾರವಾಗಿಟ್ಟುಕೊಂಡು ಪ್ರತಿ ವರ್ಷವೂ ದಿನಗಳನ್ನು ಲೆಕ್ಕಹಾಕುತ್ತಿದ್ದರು. ಯಾವ ದಿನ ಹೊಲಿಗೆಯನ್ನೂ ಹೊಲದ ಕೆಲಸವನ್ನೂ ಬಿಡಬೇಕು, ಯಾವ ದಿನ ಮಾಂಸವನ್ನು ವರ್ಜಿಸಬೇಕು ಎಂಬುದೆಲ್ಲ ಇದರಿಂದಲೇ ತಿಳಿಯುತ್ತಿತ್ತು. ಹೊರಗಿನವರ ಕಣ್ಣಿಗೆ ಅದು ಒಬ್ಬ ಹೆಂಗಸು ಸೂಜಿಯನ್ನು ಎತ್ತದೆ ಕಳೆದ ದಿನ. ಒಳಗಿನವರಿಗೆ ಅದೇ ಆರಾಧನೆ.

ಮನೆಯ ಬಾಳಿನಲ್ಲಿಯೂ ಇದೇ ರೀತಿಯನ್ನು ಕಾಣಬಹುದು. ಮಗುವನ್ನೆತ್ತಿಕೊಂಡ ಕಾನ್ನೋನ್ ದೇವಿಯ ಬೌದ್ಧ ಪ್ರತಿಮೆಯನ್ನು ದೇವಮಾತೆಯೆಂದು ಭಾವಿಸಿ ಪೂಜಿಸುತ್ತಿದ್ದರು. ಲತೀನ್ ಮತ್ತು ಪೋರ್ತುಗೀಸ್ ಶಬ್ದಗಳು ಬೆರೆತ ಜಪಗಳನ್ನು ಬಾಯಿಪಾಠವಾಗಿ ಕಲಿಯುತ್ತಿದ್ದರು. ಇವುಗಳಿಗೆ ಒರಾಶೋ ಎಂದು ಹೆಸರು. ಪ್ರಾರ್ಥನೆಯೆಂಬರ್ಥದ ಲತೀನ್ ಶಬ್ದವೇ ಇದರ ಮೂಲ. ಯಾರಾದರೂ ಸತ್ತರೆ ಬೌದ್ಧ ಭಿಕ್ಷುವನ್ನು ಕರೆಯಲೇಬೇಕಾಗಿತ್ತು. ಅವನು ಸೂತ್ರಗಳನ್ನು ಪಠಿಸುತ್ತಿರುವಾಗ ಕೆಲವು ಕಡೆ ಬೇರೊಂದು ಕೋಣೆಯಲ್ಲಿ ಕ್ರೈಸ್ತರು ಆ ಪಠನದ ಫಲವನ್ನು ಅಳಿಸುವ ಜಪವನ್ನು ಮೆಲ್ಲಗೆ ಹೇಳುತ್ತಿದ್ದರು. 1797ರಿಂದ ಓಮುರ ಸೀಮೆಯ ಅನೇಕ ಕುಟುಂಬಗಳು ಬೇಸಾಯಕ್ಕಾಗಿ ಗೊತೊ ದ್ವೀಪಗಳಿಗೆ ವಲಸೆಹೋದಾಗ ಪಂಚಾಂಗವೂ ಜಪಗಳೂ ಅವರೊಂದಿಗೆ ಹೋದುವು. ಧರ್ಮವನ್ನು ಹಂಚಿಕೊಳ್ಳುವುದೆಂದರೆ ಇವರಿಗೆ ಅನ್ಯರಿಗೆ ಬೋಧಿಸುವುದಲ್ಲ. ಮುಂದಿನ ತಲೆಮಾರಿಗೆ ಕೆಲಸವನ್ನು ವಹಿಸಿಕೊಡುವುದು.

ಈ ಕೆಲಸವು ಎಷ್ಟು ನಿಷ್ಕೃಷ್ಟವಾಗಿ ಸಾಗಿತ್ತೆಂಬುದಕ್ಕೆ 1865ರಲ್ಲಿ ಪ್ರಮಾಣ ದೊರೆಯಿತು. 1858ರ ಒಪ್ಪಂದಗಳ ಮೇಲೆ ಪರದೇಶೀಯರಿಗೆ ತಮ್ಮ ಆರಾಧನೆಯನ್ನು ನಡೆಸಿಕೊಳ್ಳುವ ಹಕ್ಕು ದೊರೆತಿತ್ತು. ಅವರಿಗಾಗಿ ನಾಗಸಾಕಿಯ ಓಉರದಲ್ಲಿ ಒಂದು ದೇವಾಲಯವು ಕಟ್ಟಲ್ಪಟ್ಟಿತು. ಅದರ ಗುರುವಾಗಿದ್ದ ಬೆರ್ನಾರ್ ಪೆತಿಜಾನನು ಪ್ಯಾರಿಸ್ಸಿನ ವಿದೇಶ ಧರ್ಮಪ್ರಚಾರಕ ಸಂಘಕ್ಕೆ ಸೇರಿದವನು. ಮೈಸೂರು ಸೀಮೆಯಲ್ಲಿ 1823ರವರೆಗೆ ಇದ್ದ ಅಬ್ಬೆ ದುಬುವಾ ಕೂಡ ಇದೇ ಸಂಘದವನು. 1865ನೆಯ ಮಾರ್ಚ್ 17ರಂದು ಉರಕಾಮಿಯಿಂದ ಸುಮಾರು ಹದಿನೈದು ಜನರು ದೇವಾಲಯಕ್ಕೆ ಬಂದರು. ಅವರಲ್ಲಿ ಒಬ್ಬ ಸ್ತ್ರೀಯು ಪೆತಿಜಾನನ ಬಳಿಗೆ ಬಂದು, ತಮ್ಮ ಹೃದಯವೂ ಅವನ ಹೃದಯವೂ ಒಂದೇ ಎಂದು ತಿಳಿಸಿ, ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು. ಅಂದು ತಾವು ದುಃಖದ ಕಾಲದ ಹದಿನೇಳನೆಯ ದಿನದಲ್ಲಿರುವೆವೆಂದೂ ಅವರು ಹೇಳಿದರು. ಆ ವರ್ಷದ ವಿಭೂತಿ ಬುಧವಾರವು ಮಾರ್ಚ್ 1ರಂದು ಬಿದ್ದಿತ್ತು. ಅಲ್ಲಿಂದ ಎಣಿಸಿದರೆ ಮಾರ್ಚ್ 17 ತಪಸ್ಸುಕಾಲದ ಹದಿನೇಳನೆಯ ದಿನವೇ ಆಗುತ್ತದೆ. ರೋಮಿನೊಡನೆ ಯಾವ ಸಂಪರ್ಕವೂ ಇಲ್ಲದ ಹಳ್ಳಿಯ ಲೆಕ್ಕವು ಒಂದು ದಿನವೂ ತಪ್ಪಿರಲಿಲ್ಲ.

ಕೆಲವು ಕಾಲದ ಮೇಲೆ ಬಂದ ಇನ್ನೊಂದು ಹಳ್ಳಿಯ ಜ್ಞಾನಸ್ನಾನದ ಅಧಿಕಾರಿಯು ರೋಮಿನ ಮಹಾಗುರುವಿನ ವಿಷಯವನ್ನೂ, ಗುರುಗಳಿಗೆ ಹೆಂಡಿರು ಮಕ್ಕಳಿರುವರೇ ಎಂಬುದನ್ನೂ ವಿಚಾರಿಸಿದನು. ಅವರು ಬ್ರಹ್ಮಚಾರಿಗಳೆಂದು ತಿಳಿದು ಸಂತೋಷಪಟ್ಟನು. ಮರಿಯಮ್ಮ, ಮಹಾಗುರು, ಬ್ರಹ್ಮಚರ್ಯ ಎಂಬ ಈ ಗುರುತುಗಳಿಂದ ಹಳ್ಳಿಗರು ಪಾದ್ರಿಯನ್ನೇ ಪರೀಕ್ಷಿಸಿ ಅಂಗೀಕರಿಸಿದರೆಂಬುದು ಸ್ವಾರಸ್ಯವಾದ ಸಂಗತಿ.

ಆದರೆ ಎಲ್ಲವೂ ಮೊದಲಿದ್ದಂತೆಯೇ ಉಳಿಯಿತೆಂದು ಹೇಳುವುದು ಉಚಿತವಲ್ಲ. ಜ್ಞಾನಸ್ನಾನದ ಮಾತುಗಳು ಕೆಲವೆಡೆ ಶುದ್ಧವಾಗಿಯೂ ಕೆಲವೆಡೆ ಕೆಟ್ಟೂ ಇದ್ದುವು. ಸೃಷ್ಟಿಯಿಂದ ಮೊದಲಾಗುವ ಪವಿತ್ರಕಥೆಯು ದೇಶೀಯ ಕಥೆಗಳೊಡನೆ ಬೆರೆತು ಬೇರೊಂದು ರೂಪವನ್ನು ತಾಳಿತ್ತು. ಅನೇಕ ಜಪಗಳ ಅರ್ಥವು ಜಪಿಸುವವರಿಗೇ ತಿಳಿಯದಾಗಿತ್ತು. ಇದರಿಂದ ಕೆಲವು ವಿದ್ವಾಂಸರು ಈ ಜನರ ಮತವು ಕಥೋಲಿಕವಾಗಿ ಉಳಿದಿರಲಿಲ್ಲವೆಂದೂ, ಪೂರ್ವಿಕರ ಆರಾಧನೆಯಾಗಿ ಮಾರ್ಪಟ್ಟಿತ್ತೆಂದೂ ಅಭಿಪ್ರಾಯಪಡುತ್ತಾರೆ. ಈ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅರ್ಥವು ಸವೆದರೂ ಆಚರಣೆಯು ಉಳಿದುದರಿಂದಲೇ ಅರ್ಥವನ್ನು ಮರಳಿ ಪಡೆಯುವ ದಾರಿಯು ತೆರೆದಿತ್ತೆಂಬುದನ್ನು ಮರೆಯಲಾಗದು. ಮಾರ್ಪಾಟಿಗೂ ಉಳಿವಿಗೂ ಕಾರಣವು ಒಂದೇ: ಧರ್ಮವು ಪುಸ್ತಕದಲ್ಲಿರದೆ ಜನರ ಕೈಗಳಲ್ಲಿದ್ದುದು.

ಗುರುಗಳನ್ನು ಕಂಡ ಮೇಲೆ ಮರೆಯಾಗಿ ಬಾಳುವುದು ಉರಕಾಮಿಯವರಿಗೆ ಅಸಾಧ್ಯವಾಯಿತು. 1867ರಲ್ಲಿ ಅವರು ಭಿಕ್ಷುವನ್ನು ಕರೆಯದೆ ತಮ್ಮವರ ಶವಸಂಸ್ಕಾರವನ್ನು ನಡೆಸಿದರು. ಇದರಿಂದ ಬಂಧನಗಳು ಆರಂಭವಾದುವು. ಮುಂದಿನ ವರ್ಷಗಳಲ್ಲಿ ಮೇಯ್ಜಿ ಸರ್ಕಾರವು ಸುಮಾರು 3,400 ಜನರನ್ನು ದೇಶದ ನಾನಾ ಸೀಮೆಗಳಿಗೆ ಗಡೀಪಾರು ಮಾಡಿತು. ಅವರಲ್ಲಿ 600ಕ್ಕೂ ಹೆಚ್ಚು ಮಂದಿ ಮಡಿದರು. ಪರದೇಶಗಳ ಪ್ರತಿಭಟನೆಯ ಫಲವಾಗಿ 1873ರಲ್ಲಿ ನಿಷೇಧದ ಹಲಗೆಗಳು ತೆಗೆಯಲ್ಪಟ್ಟುವು. ಉಳಿದವರು ಊರಿಗೆ ಮರಳಿದರು. 1889ರ ರಾಜ್ಯಾಂಗದಲ್ಲಿ ಮತಸ್ವಾತಂತ್ರ್ಯವು ಮಿತಿಗಳೊಡನೆ ಅಂಗೀಕೃತವಾಯಿತು.

ಆಗಲೂ ಎಲ್ಲರೂ ಸಭೆಗೆ ಸೇರಲಿಲ್ಲ. ಇಕಿತ್ಸುಕಿ ಮೊದಲಾದ ಕಡೆಗಳಲ್ಲಿ ಅನೇಕರು ತಂದೆತಾತಂದಿರು ಕಲಿಸಿದ ರೀತಿಯನ್ನು ಬಿಡಲೊಲ್ಲದೆ ಬೇರೆಯಾಗಿಯೇ ಉಳಿದರು. ಮರಳಿದ ಉರಕಾಮಿಯವರು ಯಾವ ಗ್ರಾಮಾಧಿಕಾರಿಯ ಮನೆಯಲ್ಲಿ ತಮ್ಮ ಹಿರಿಯರು ಪ್ರತಿಮೆಯನ್ನು ತುಳಿಯಬೇಕಾಗಿತ್ತೋ ಆ ಮನೆಯ ನಿವೇಶನವನ್ನೇ ಕೊಂಡು, 1895ರಿಂದ ದೇವಾಲಯವನ್ನು ಕಟ್ಟಲಾರಂಭಿಸಿ 1914ರಲ್ಲಿ ಪ್ರತಿಷ್ಠೆ ಮಾಡಿದರು. 1945ನೆಯ ಆಗಸ್ಟ್ 9ರ ಅಣುಬಾಂಬಿನಿಂದ ಅದು ನಾಶವಾಯಿತು. ಸುಮಾರು 12,000 ಕಥೋಲಿಕರಲ್ಲಿ 8,500 ಮಂದಿ ಅಸುನೀಗಿದರೆಂದು ಅಂದಾಜು. 1959ರಲ್ಲಿ ಅದೇ ಸ್ಥಳದಲ್ಲಿ ದೇವಾಲಯವು ಪುನಃ ಎದ್ದಿತು. 2018ರಲ್ಲಿ ಈ ಸೀಮೆಯ ಗುಪ್ತ ಕ್ರೈಸ್ತರ ಸ್ಥಳಗಳು ಯುನೆಸ್ಕೊ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಆ ಪಟ್ಟಿಯಲ್ಲಿ ಓಉರದ ದೇವಾಲಯವಿರುವಂತೆಯೇ, ಹೆಸರಿಲ್ಲದ ಗೃಹಸ್ಥರು ನೀರನ್ನೂ ಮಾತನ್ನೂ ದಿನಗಳ ಲೆಕ್ಕವನ್ನೂ ಕಾಪಾಡಿದ ಸಾಧಾರಣ ಹಳ್ಳಿಗಳೂ ಇವೆ.