ಡಗ್ಲಾಸ್ ಎಂಗೆಲ್ಬಾರ್ಟನೂ ಬುದ್ಧಿವರ್ಧನದ ಸಾಧನಗಳೂ

ಗಣಕಯಂತ್ರದ ಮುಂದೆ ಕುಳಿತವನ ಅಂಗೈಯ ಕೆಳಗಿದ್ದು, ಕೈ ಸರಿದಂತೆ ತೆರೆಯ ಮೇಲಿನ ಗುರುತನ್ನು ಸರಿಸುವ ‘ಮೌಸ್’ ಎಂಬ ಉಪಕರಣವನ್ನು ಅರಿಯದವರು ಈಗ ವಿರಳ. ಅದನ್ನು ಕಲ್ಪಿಸಿದ ಅಮೆರಿಕದ ಡಗ್ಲಾಸ್ ಎಂಗೆಲ್ಬಾರ್ಟನ ಹೆಸರನ್ನು ಬಲ್ಲವರೂ ಹೆಚ್ಚಿಲ್ಲ. ಆ ಉಪಕರಣವು ಆತನ ಮುಖ್ಯೋದ್ದೇಶವೇ ಆಗಿರಲಿಲ್ಲವೆಂಬುದನ್ನು ಬಲ್ಲವರಂತೂ ಇನ್ನೂ ಕಡಮೆ.

ಎಂಗೆಲ್ಬಾರ್ಟನು 1925ನೆಯ ಇಸವಿ ಜನವರಿ 30ರಂದು ಆರೆಗನ್ ಪ್ರಾಂತದ ಪೋರ್ಟ್‌ಲೆಂಡಿನಲ್ಲಿ ಜನಿಸಿದನು. ಎರಡನೆಯ ಮಹಾಯುದ್ಧವು ಮುಗಿದ ಹೊತ್ತಿನಲ್ಲಿ ನೌಕಾಪಡೆಯ ರೇಡಾರ್ ಕೆಲಸಗಾರನಾಗಿ ಫಿಲಿಪೈನ್ಸ್ ದ್ವೀಪಗಳಿಗೆ ಹೋಗಿದ್ದಾಗ, ಲೇಯ್ಟೆಯಲ್ಲಿ ಕಂಬಗಳ ಮೇಲೆ ಕಟ್ಟಿದ್ದ ಗುಡಿಸಲೊಂದರ ವಾಚನಾಲಯದಲ್ಲಿ ವ್ಯಾನಿವರ್ ಬುಷ್ ಎಂಬ ವಿಜ್ಞಾನಿಯ ಲೇಖನವು ಆತನಿಗೆ ದೊರೆಯಿತು. ಜ್ಞಾನರಾಶಿಯಲ್ಲಿ ಬೇಕಾದುದನ್ನು ಹುಡುಕಿ, ಒಂದನ್ನು ಮತ್ತೊಂದರೊಡನೆ ಜೋಡಿಸಿಕೊಡುವ ಯಂತ್ರದ ಕಲ್ಪನೆಯು ಅದರಲ್ಲಿ ವರ್ಣಿತವಾಗಿತ್ತು. ಬೀಜವು ಬಿದ್ದಿತು, ಮೊಳೆಯಲು ಕೆಲವು ವರ್ಷಗಳಾದವು. 1950ರಲ್ಲಿ ಒಳ್ಳೆಯ ಉದ್ಯೋಗವಿದ್ದು, ವಿವಾಹವೂ ನಿಶ್ಚಯವಾಗಿದ್ದಾಗ, ಮುಂದಿನ ಆಯುಷ್ಯವನ್ನು ಯಾವುದಕ್ಕೆ ಮೀಸಲಿಡಬೇಕೆಂಬ ಚಿಂತೆಯು ಆತನನ್ನು ಹಿಡಿಯಿತು. ಮಾನವನ ಸಮಸ್ಯೆಗಳು ಅವನ್ನು ಬಿಡಿಸುವ ಶಕ್ತಿಗಿಂತ ವೇಗವಾಗಿ ಬೆಳೆಯುತ್ತಿರುವುದರಿಂದ, ಆ ಶಕ್ತಿಯನ್ನೇ ಬೆಳೆಸತಕ್ಕದ್ದೆಂದು ನಿಶ್ಚಯಿಸಿದನು. ರೇಡಾರಿನ ತೆರೆಯನ್ನು ಕಂಡಿದ್ದವನಿಗೆ, ಗಣಕದ ಫಲವನ್ನೂ ತೆರೆಯ ಮೇಲೆ ಕಾಣಬಹುದೆಂದು ಹೊಳೆಯಿತು. ಆಗಿನ ಗಣಕಗಳಾದರೋ ರಂಧ್ರ ಕೊರೆದ ಚೀಟಿಗಳನ್ನು ನುಂಗಿ ಲೆಕ್ಕ ಕಕ್ಕುವ ಯಂತ್ರಗಳಾಗಿದ್ದವು.

1955ರಲ್ಲಿ ಬರ್ಕ್ಲಿಯಲ್ಲಿ ಡಾಕ್ಟರೇಟ್ ಪಡೆದು, 1957ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯನ್ನು ಸೇರಿದನು. 1962ರಲ್ಲಿ ಬರೆದ ವರದಿಯೊಂದರಲ್ಲಿ ಸ್ವಾರಸ್ಯವಾದ ಪ್ರಯೋಗವೊಂದಿದೆ. ಸೀಸದ ಕಡ್ಡಿಗೆ ಇಟ್ಟಿಗೆಯೊಂದನ್ನು ಕಟ್ಟಿ ಬರೆಯಿಸಿದರೆ ಅಕ್ಷರವು ವಕ್ರವಾಗುವುದು, ಕಾಲವೂ ಹೆಚ್ಚು ಹಿಡಿಯುವುದು. ಎಲ್ಲರ ಲೇಖನಿಗೂ ಅಂಥ ಭಾರವಿದ್ದಿದ್ದರೆ ನಮ್ಮ ಗ್ರಂಥಗಳೂ ಚಿಂತನಕ್ರಮವೂ ಬೇರೆಯಾಗುತ್ತಿದ್ದವಲ್ಲವೆ? ಹಾಗಾದರೆ ಭಾರವನ್ನು ಇಳಿಸಿದಷ್ಟೂ ಬುದ್ಧಿಯು ಮೇಲೇರಬೇಕೆಂಬುದು ಆತನ ತರ್ಕ.

ಮೌಸ್ ಈ ತರ್ಕದ ಒಂದು ಸಣ್ಣ ಫಲ. ಬಿಲ್ ಇಂಗ್ಲಿಷ್ ಎಂಬ ಸಹೋದ್ಯೋಗಿಯು ನಿರ್ಮಿಸಿದ ಮೊದಲಿನದು ಮರದ ತುಂಡು; ಅಡಿಯಲ್ಲಿ ಒಂದಕ್ಕೊಂದು ಅಡ್ಡವಾದ ಎರಡು ಗಾಲಿಗಳು. ಇತರ ಸಾಧನಗಳೊಡನೆ ಹೋಲಿಸಿ ನೋಡಿದಾಗ, ಹೊಸಬರಿಗೆ ಮೊಣಕಾಲಿನಿಂದ ನಡೆಸುವ ಸಾಧನವು ಸುಲಭವಾಯಿತು; ಪಳಗಿದವರಲ್ಲಿ ಮೌಸೇ ಮುಂದಾಯಿತು. ಅಮರಕೋಶವನ್ನು ಕಂಠಸ್ಥ ಮಾಡಿದ ಬಾಲಕನಿಗೆ ಕಾವ್ಯಗಳ ಬಾಗಿಲು ತಾನಾಗಿ ತೆರೆಯುವುದನ್ನು ಕಂಡವರಿಗೆ ಇದು ಆಶ್ಚರ್ಯವೆನಿಸದು.

1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸುಮಾರು ಸಾವಿರ ತಜ್ಞರ ಮುಂದೆ 90 ನಿಮಿಷಗಳ ಪ್ರದರ್ಶನವಾಯಿತು. ಗಣಕವಿದ್ದುದು ದೂರದ ಮೆನ್ಲೋ ಪಾರ್ಕಿನಲ್ಲಿ. ಎಂಗೆಲ್ಬಾರ್ಟನ ಬಲಗೈಯಲ್ಲಿ ಮೌಸ್, ಎಡಗೈಯ ಕೆಳಗೆ ಐದು ಕೀಲಿಗಳ ಸಾಧನ. ಬರಹವು ತೆರೆಯ ಮೇಲೆ ಮೂಡಿತು, ಅಳಿಯಿತು, ಸ್ಥಾನ ಬದಲಿಸಿತು. ಪದವೊಂದನ್ನು ಮುಟ್ಟಿದರೆ ಬೇರೊಂದು ಬರಹ ತೆರೆಯಿತು. ದೂರದ ಸಹೋದ್ಯೋಗಿಯ ಮುಖವೂ ಅಲ್ಲಿಯೇ ಕಾಣಿಸಿತು. ಸಭೆಯು ಎದ್ದು ನಿಂತು ಕರತಾಡನ ಮಾಡಿತು.

ಅಲ್ಲಿಂದ ಮುಂದೆ ಇಳಿಜಾರು. ತನ್ನ ಸಾಧನಗಳನ್ನು ಶ್ರಮಪಟ್ಟು ಕಲಿಯಬೇಕೆಂಬುದರಲ್ಲಿ ಆತನಿಗೆ ಸಂಕೋಚವಿರಲಿಲ್ಲ. ಕಲಿಯದವನಿಗೂ ಕೂಡಲೇ ಒಗ್ಗುವುದೇ ಉತ್ತಮ ಯಂತ್ರವೆಂಬ ಪಕ್ಷವು ಮೇಲಾಯಿತು. 1971ರಿಂದ ಇಂಗ್ಲಿಷನೂ ಇತರ ಕೆಲವರೂ ಝೆರಾಕ್ಸ್ ಕಂಪನಿಯ ಸಂಶೋಧನಾಲಯವನ್ನು ಸೇರಿದರು. 1977ರಲ್ಲಿ ಆತನ ಪ್ರಯೋಗಾಲಯವು ಟೈಮ್‌ಷೇರ್ ಎಂಬ ಕಂಪನಿಗೆ ಮಾರಾಟವಾಯಿತು. 1970ರಲ್ಲಿ ದೊರೆತ ಮೌಸಿನ ಹಕ್ಕುಪತ್ರವು ಸಂಸ್ಥೆಯ ಸ್ವತ್ತಾದುದರಿಂದ ಆತನಿಗೆ ಗೌರವಧನವೇನೂ ಬರಲಿಲ್ಲ. ಎಡಗೈಯ ಸಾಧನವು ಲೋಕದ ಬಳಕೆಗೆ ಇಳಿಯಲೇ ಇಲ್ಲ.

1997ರಲ್ಲಿ ಟ್ಯೂರಿಂಗ್ ಪುರಸ್ಕಾರವು ಸಂದಿತು. 2013ರ ಜುಲೈ 2ರಂದು, 88ನೆಯ ವಯಸ್ಸಿನಲ್ಲಿ, ಎಂಗೆಲ್ಬಾರ್ಟನು ತೀರಿಕೊಂಡನು. ವೃತ್ತಪತ್ರಿಕೆಗಳು ಆಗಲೂ ಆತನನ್ನು ಮೌಸಿನ ನಿರ್ಮಾತೃವೆಂದೇ ಕರೆದವು.