ಬೆಳಗೊಳ ಸೀಮೆಯ ಸಾಲ ಮತ್ತು ಋಣಮುಕ್ತಿ ಶಾಸನಗಳು: ಒಂದು ಚಾರಿತ್ರಿಕ ಅವಲೋಕನ

ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳ ಹೋಬಳಿಯು ಕನ್ನಂಬಾಡಿ ಅಣೆಕಟ್ಟೆಯ ನೆರೆಯಲ್ಲಿದೆ. 1911ರಲ್ಲಿ ಆರಂಭವಾದ ಈ ಅಣೆಕಟ್ಟೆಯ ನಿರ್ಮಾಣ, ಆನಂತರ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಇರ್ವಿನ್ ನಾಲೆ, 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿ ಇವು ಈ ಸೀಮೆಯ ಬೇಸಾಯದ ಸ್ವರೂಪವನ್ನೇ ಬದಲಿಸಿದುವು. ನೀರಾವರಿಯ ಈ ಚರಿತ್ರೆ ಸಾಕಷ್ಟು ಪರಿಚಿತವಾದುದು. ಆದರೆ ನೀರಿನೊಡನೆ ಬಂದ ಸಾಲದ ಚರಿತ್ರೆ, ಅದರಲ್ಲಿಯೂ ಸಾಲ ತೀರಿಸಲಾಗದವನಿಗೆ ಶಾಸನವು ತೋರಿಸಿದ ಬಿಡುಗಡೆಯ ದಾರಿಗಳ ಚರಿತ್ರೆ, ಪ್ರತ್ಯೇಕ ಪರಿಶೀಲನೆಗೆ ಅರ್ಹವಾಗಿದೆ. ಆ ದಾರಿಗಳನ್ನು ಕಾಲಕ್ರಮದಲ್ಲಿ ಗುರುತಿಸಿ, ಅವುಗಳ ಸಾಮಾನ್ಯ ಲಕ್ಷಣವೇನೆಂಬುದನ್ನು ವಿವೇಚಿಸುವುದು ಈ ಪ್ರಬಂಧದ ಉದ್ದೇಶ.

ಋಣವನ್ನು ಕುರಿತ ನಮ್ಮ ಪ್ರಾಚೀನ ಕಲ್ಪನೆಗೆ ಕನ್ನಡ ನಾಡಿನಲ್ಲಿಯೇ ರಚಿತವಾದ ಒಂದು ಗ್ರಂಥ ಆಧಾರವಾಗಿದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ 'ಮಿತಾಕ್ಷರಾ' ವ್ಯಾಖ್ಯಾನದಲ್ಲಿ ಋಣಾದಾನ ಪ್ರಕರಣ ವಿಸ್ತಾರವಾಗಿ ಬಂದಿದೆ. ತಂದೆಯ ಸಾಲವನ್ನು ಮಗನು ತೀರಿಸಬೇಕು. ಮದ್ಯ, ಜೂಜು ಮೊದಲಾದವುಗಳಿಗೆ ಮಾಡಿದ ಸಾಲ ಮಾತ್ರ ಅವನಿಗೆ ಅಂಟುವುದಿಲ್ಲ ಎಂಬುದು ಅಲ್ಲಿಯ ನಿಯಮ. ಒಮ್ಮೆಗೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದೆಂಬ 'ದಾಮದುಪ್ಪಟ' ತತ್ತ್ವವೂ ಧರ್ಮಶಾಸ್ತ್ರದಿಂದಲೇ ಬಂದುದು. ಅಂದರೆ ಪರಂಪರೆಯು ಬಡ್ಡಿಗೆ ಮಿತಿ ಹಾಕಿತು, ಋಣಕ್ಕೆ ಕೊನೆ ಹಾಕಲಿಲ್ಲ. ತಂದೆಯ ಸಾಲಕ್ಕೆ ಪುತ್ರಧರ್ಮದ ಕಾರಣ ಮಾತ್ರದಿಂದ ಮಗನನ್ನು ಹೊಣೆಯಾಗಿಸುವ ನಿಯಮವನ್ನು, 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಅಧಿನಿಯಮವು ಅನಂತರದ ಸಾಲಗಳಿಗೆ ಅನ್ವಯಿಸದಂತೆ ಮಾಡಿತು.

ಆಧುನಿಕ ಶಾಸನಗಳ ಮೂಲ ದಖ್ಖನಿನಲ್ಲಿದೆ. 1875ರಲ್ಲಿ ಪುಣೆ ಮತ್ತು ಅಹಮದ್‌ನಗರ ಪ್ರಾಂತಗಳ ರೈತರು ಸಾಹುಕಾರರ ಸಾಲಪತ್ರಗಳನ್ನು ಸುಟ್ಟು ದಂಗೆಯೆದ್ದರು. ಇದರ ಫಲವಾಗಿ 1879ರಲ್ಲಿ ದಖ್ಖನಿನ ಕೃಷಿಕರ ಪರಿಹಾರ ಅಧಿನಿಯಮ ಬಂದಿತು. ಪತ್ರದಲ್ಲಿ ಬರೆದ ಮೊಬಲಗನ್ನೇ ನಂಬದೆ ವ್ಯವಹಾರದ ಪೂರ್ವೇತಿಹಾಸವನ್ನು ವಿಚಾರಿಸುವ ಅಧಿಕಾರವನ್ನು ಅದು ನ್ಯಾಯಾಲಯಕ್ಕೆ ಕೊಟ್ಟಿತು. ಮೈಸೂರು ಸಂಸ್ಥಾನ ಮೊದಲು ಬೇರೆಯ ಮಾರ್ಗವನ್ನು ಪರೀಕ್ಷಿಸಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಸರ್ಕಾರದ ಮುಂಗಡದಿಂದ ಕೃಷಿ ಬ್ಯಾಂಕುಗಳು ಏರ್ಪಟ್ಟವು. ಅವು ನಿರೀಕ್ಷಿತ ಫಲ ನೀಡಲಿಲ್ಲ. 1905ರ ಸಹಕಾರ ಸಂಘಗಳ ಶಾಸನ ಆ ಸ್ಥಾನವನ್ನು ತುಂಬಿತು. ಹಳೆಯ ಸಾಲದ ಪ್ರಶ್ನೆಗೆ ಉತ್ತರವಾಗಿ 1928ರಲ್ಲಿ ಮೈಸೂರು ಕೃಷಿಕರ ಪರಿಹಾರ ಶಾಸನ ಬಂದಿತು. ಮರುವರ್ಷವೇ ಜಗತ್ತಿನ ಆರ್ಥಿಕ ಮುಗ್ಗಟ್ಟು ತಲೆದೋರಿ ಬೆಳೆಗಳ ಬೆಲೆ ಕುಸಿಯಿತು. ನಿಗದಿಯಾದ ಸಾಲ ಹಾಗೆಯೇ ಉಳಿದು ತೀರಿಸುವ ಶಕ್ತಿ ಕುಗ್ಗಿತು. ಸಾಲಗಾರ ಮತ್ತು ಸಾಹುಕಾರರನ್ನು ಎದುರುಬದುರು ಕೂರಿಸಿ ರಾಜಿ ಮಾಡಿಸುವ ಮಂಡಳಿಗಳಿಗಾಗಿ 1937ರಲ್ಲಿ ಮೈಸೂರು ಋಣ ರಾಜಿ ಶಾಸನ ಜಾರಿಗೊಂಡಿತು.

ಇವುಗಳ ಜೊತೆಗೆ ದಿವಾಳಿ ಶಾಸನವೆಂಬ ಇನ್ನೊಂದು ಬಾಗಿಲು ತತ್ತ್ವತಃ ತೆರೆದೇ ಇತ್ತು. 1920ರ ಪ್ರಾಂತೀಯ ದಿವಾಳಿ ಅಧಿನಿಯಮದ ಪ್ರಕಾರ 500 ರೂಪಾಯಿ ಸಾಲವಿದ್ದು ತೀರಿಸಲಾರದವನು ತಾನೇ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು. ಆಸ್ತಿಯನ್ನು ಒಪ್ಪಿಸಿ, ವಿಮೋಚನಾ ಆದೇಶ ಪಡೆದು, ಉಳಿದ ಸಾಲದಿಂದ ಮುಕ್ತನಾಗಬಹುದು. ಆದರೆ ಅರ್ಜಿ ಮುಖ್ಯವಾಗಿ ಜಿಲ್ಲಾ ನ್ಯಾಯಾಲಯದ ವ್ಯಾಪ್ತಿಗೆ ಸೇರಿದ್ದು. ದಿವಾಳಿಯೆಂದು ಘೋಷಿತನಾದವನು ಸ್ಥಳೀಯ ಸಂಸ್ಥೆಯ ಸದಸ್ಯತ್ವಕ್ಕೂ ಅನರ್ಹನಾಗುತ್ತಿದ್ದನು. ಆಡುಮಾತಿನಲ್ಲಿ 'ಪಾಪರ್ ಚೀಟಿ' ಎಂಬುದು ಪರಿಹಾರದ ಹೆಸರಾಗದೆ ಮಾನಹಾನಿಯ ಹೆಸರಾಯಿತು. ಭೂಮಿಯೇ ಬದುಕಾದ ಒಕ್ಕಲಿಗೆ, ಅದನ್ನು ಒಪ್ಪಿಸಿ ಪಡೆಯುವ ಬಿಡುಗಡೆ ಬಿಡುಗಡೆಯಾಗಿ ತೋರಲಿಲ್ಲವೆಂಬುದು ಸಹಜ.

ಈ ಸೀಮೆಯ ಸಾಲದ ಸ್ವರೂಪವನ್ನು ಇಲ್ಲಿ ಗಮನಿಸಬೇಕು. ಕಬ್ಬು ಸುಮಾರು ವರ್ಷ ಕಾಲದ ಬೆಳೆ. ಬಿತ್ತನೆ, ಗೊಬ್ಬರ, ಕೂಲಿಯ ವೆಚ್ಚ ಮೊದಲೇ ಬರುತ್ತದೆ. ಹಣ ಕೈಸೇರುವುದು ಕಾರ್ಖಾನೆ ಪಾವತಿ ಮಾಡಿದಾಗ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಪೂರೈಕೆಯಾದ 14 ದಿನಗಳೊಳಗೆ ಹಣ ಸಲ್ಲಬೇಕು. ತಡವಾದರೆ ಶೇಕಡ 15ರ ಬಡ್ಡಿ ಸೇರಬೇಕು. ಬಾಕಿ ನಿಂತಾಗ ರೈತನು ಏಕಕಾಲದಲ್ಲಿ ಸಾಲಗಾರನೂ ಸಾಲಿಗನೂ ಆಗುತ್ತಾನೆ. ತಾನು ಕೊಡಬೇಕಾದುದನ್ನು ಸಾಹುಕಾರ ಮನೆ ಬಾಗಿಲಿಗೆ ಬಂದು ಕೇಳುತ್ತಾನೆ. ತನಗೆ ಬರಬೇಕಾದುದಕ್ಕೆ ತಾನು ಕಾಯಬೇಕಾಗುತ್ತದೆ. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ನಾಡಿನ ಗಮನ ಸೆಳೆದಾಗ ಈ ವೈಪರೀತ್ಯ ಸ್ಪಷ್ಟವಾಯಿತು. ಇದಕ್ಕೆ ಭಿನ್ನವಾಗಿ ಕೃಷ್ಣರಾಜಪೇಟೆ, ನಾಗಮಂಗಲಗಳ ಮಳೆಯಾಶ್ರಿತ ಭೂಮಿಯಲ್ಲಿ ಸಾಲವನ್ನು ನಿರ್ಧರಿಸುವುದು ಮುಂಗಾರು.

ಸ್ವಾತಂತ್ರ್ಯೋತ್ತರ ಶಾಸನಗಳಲ್ಲಿ, ದೇವರಾಜ ಅರಸು ಅವರ ಸರ್ಕಾರ ತಂದ 1976ರ ಕರ್ನಾಟಕ ಋಣ ಪರಿಹಾರ ಅಧಿನಿಯಮ ಅತ್ಯಂತ ಮಹತ್ವದ್ದು. ಸಣ್ಣ ರೈತರು, ಭೂರಹಿತ ಕೃಷಿ ಕಾರ್ಮಿಕರು ಮತ್ತು ದುರ್ಬಲ ವರ್ಗದವರ ಸಾಲ ಅದರಂತೆ ರದ್ದಾಯಿತು. ಗಿರವಿ ಇಟ್ಟ ಚರವಸ್ತುಗಳನ್ನು ಹಿಂದಿರುಗಿಸಬೇಕಾಯಿತು. ಬ್ಯಾಂಕು ಮತ್ತು ಸಹಕಾರ ಸಂಘಗಳ ಸಾಲ ಅದರಿಂದ ಹೊರಗಿತ್ತು. ಆ ಸಾಲಗಳಿಗೆ 1990, 2008 ಮತ್ತು 2018ರ ಮನ್ನಾ ಯೋಜನೆಗಳು ಬಂದುವು. 2019ರ ಜುಲೈನಲ್ಲಿ ಜಾರಿಗೆ ಬಂದ ಮತ್ತೊಂದು ಋಣ ಪರಿಹಾರ ಅಧಿನಿಯಮವು ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರದವರ ಖಾಸಗಿ ಸಾಲಕ್ಕೆ ಅನ್ವಯವಾಯಿತು. ಉಪವಿಭಾಗಾಧಿಕಾರಿಗೆ ಅರ್ಜಿ ಸಲ್ಲಿಸಲು ದೊರೆತ ಅವಧಿ 90 ದಿನ. ಕಿರುಸಾಲ ವಸೂಲಿಯ ಕಿರುಕುಳ ತೀವ್ರವಾದಾಗ 2025ರ ಫೆಬ್ರವರಿಯಲ್ಲಿ ಬಂದ ಸುಗ್ರೀವಾಜ್ಞೆಯು ನೋಂದಣಿಯಿಲ್ಲದ ಲೇವಾದೇವಿಗಾರರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲವನ್ನು ತೀರಿದುದೆಂದು ಪರಿಗಣಿಸಿತು.

ಈ ಶಾಸನಗಳೆಲ್ಲ ಅಗತ್ಯದ ವೇಳೆಯಲ್ಲಿ ಬಂದವು. ಹಲವರ ಮನೆ ಮತ್ತು ಒಡವೆಗಳನ್ನು ಉಳಿಸಿದವು. ಆದರೂ 1976ರಿಂದ ಈಚೆಗಿನ ಪರಿಹಾರಗಳ ಸಾಮಾನ್ಯ ಲಕ್ಷಣವೊಂದು ಗಮನಾರ್ಹ: ಅವು ಒಂದು ದಿನಾಂಕವನ್ನೂ ಒಂದು ವರ್ಗವನ್ನೂ ಹಿಡಿದು ಬಿಡುಗಡೆ ನೀಡಿದವು. ಆ ದಿನಾಂಕದ ಮರುದಿನ ಸಾಲಕ್ಕೆ ಸಿಲುಕಿದವನಿಗೆ ಮುಂದಿನ ಶಾಸನದವರೆಗೆ ಕಾಯುವುದೇ ಗತಿ. 2016ರ ದಿವಾಳಿ ಸಂಹಿತೆಯಲ್ಲಿ ಈ ಕೊರತೆಯನ್ನು ತುಂಬುವ 'ಹೊಸ ಆರಂಭ' ಎಂಬ ಪ್ರಕ್ರಿಯೆಯಿದೆ. ವಾರ್ಷಿಕ ಆದಾಯ 60,000, ಆಸ್ತಿ 20,000, ಸಾಲ 35,000 ರೂಪಾಯಿ ಮೀರದ, ಸ್ವಂತ ಮನೆಯಿಲ್ಲದ ವ್ಯಕ್ತಿಗೆ ಇದು ಮೀಸಲು. ಆದರೆ 2019ರ ಡಿಸೆಂಬರ್ 1ರಂದು ಸಂಹಿತೆಯ ವ್ಯಕ್ತಿಗತ ಭಾಗ ಜಾರಿಗೆ ಬಂದುದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ.

ಒಟ್ಟಿನಲ್ಲಿ, ನಮ್ಮ ಋಣಮುಕ್ತಿಯ ಚರಿತ್ರೆಯಲ್ಲಿ ಸಾಲಗಳನ್ನು ರದ್ದುಪಡಿಸಿದ ಪ್ರಕರಣಗಳು ಹಲವು. ಸಾಲಗಾರನು ಯಾವ ವರ್ಷದಲ್ಲಾದರೂ ಮಾನ ಕಳೆದುಕೊಳ್ಳದೆ ಹೋಗಿ ತಟ್ಟಬಹುದಾದ ಬಾಗಿಲು ಮಾತ್ರ ಇನ್ನೂ ಪೂರ್ಣವಾಗಿ ತೆರೆದಿಲ್ಲ. ಬೆಳಗೊಳದಂಥ ನೀರಾವರಿ ಸೀಮೆಯ ಅನುಭವವು ಈ ಅಂಶವನ್ನು ಒತ್ತಿ ಹೇಳುತ್ತದೆ.